ನೀರಿಳಿದ ಹೊತ್ತು

ಮಾರ್ಚ್ 4, ಬೆಳಿಗ್ಗೆ

ಎಂದಿನಂತೆ ವಾಚನಾಲಯ. ಪತ್ರಿಕೆ ಮುಗಿಸಿ ಎದ್ದರೆ ಬಾಗಿಲ ಬಳಿ ರದ್ದಿಯ ಪೆಟ್ಟಿಗೆ. ಮೇಲುಗಡೆಯೇ ದ್ವೀಪದಿಂದ ತಪ್ಪಿಸಿಕೊಳ್ಳುವ ಕೈದಿಯ ಆ ಕಾದಂಬರಿ — ನಾನ್ನೂರು ಪುಟದ್ದು. ನಲವತ್ತು ವರ್ಷದ ಹಿಂದೆ ಅದರ ಕರಡು ತಿದ್ದಿದವನು ನಾನು. ಬದಲಿಗೆ ನೂರಿಪ್ಪತ್ತು ಪುಟದ ಸಂಕ್ಷಿಪ್ತ ಆವೃತ್ತಿ ತರಿಸಿದ್ದಾರಂತೆ.

"ಕಥೆ ಪೂರ್ತಿ ಇದೆ ಸಾರ್, ಜಾಗದ ವರ್ಣನೆ ಮಾತ್ರ ತೆಗೆದಿದಾರೆ," ಎಂದರು ಗ್ರಂಥಪಾಲಕಿ.

ಮೈ ಉರಿಯಿತು. ಆ ಕಥೆಯಲ್ಲಿ ಜಾಗ ತೆಗೆದರೆ ಉಳಿಯುವುದೇನು? ಯಾವುದು ಉಳಿಯಬೇಕೆಂದು ಶನಿವಾರ ವಾಚನಾಲಯ ಸಮಿತಿಯ ತೀರ್ಮಾನ. ಅಲ್ಲಿಯವರೆಗೆ ಎರಡನ್ನೂ ನನ್ನ ಕಾರ್ಡಿನ ಮೇಲೆ ಎತ್ತಿಕೊಂಡು ಬಂದೆ.

ಮಾರ್ಚ್ 5

ಅಂದುಕೊಂಡದ್ದೇ. ಸಂಕ್ಷಿಪ್ತದಲ್ಲಿ ಸಮುದ್ರದ ಇಳಿತದ ಎರಡು ಪುಟ ಮಾಯ. ಕೈದಿ ದ್ವೀಪದಿಂದ ಎದುರು ಬಂಡೆಗೆ ಸುಮ್ಮನೆ ನಡೆದು ಹೋಗುತ್ತಾನೆ. ಬೆನ್ನಟ್ಟಿದ ದೋಣಿ ಕಾರಣವೇ ಇಲ್ಲದೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಸಮಿತಿಗೆ ಏಳು ಪುಟದ ಪತ್ರ ಬರೆದೆ. ಮಗ ಕೈಯಲ್ಲೇ ತೂಗಿ ನೋಡಿ ನಕ್ಕ.

ಸೊಸೆ ದೊಡ್ಡ ಪುಸ್ತಕ ಕೇಳಿದಳು. ಬಸ್ ಡ್ರೈವರ್. ರಸ್ತೆಯ ಬೋರ್ಡು ಬಿಟ್ಟು ಬೇರೇನೂ ಓದಿದ್ದು ಕಂಡಿಲ್ಲ. ಹಾಗೆಂದು ಆಡಿಯೂ ಬಿಟ್ಟೆ. ಊಟದ ಚೀಲಕ್ಕೆ ಹಾಕಿಕೊಂಡು ಡ್ಯೂಟಿಗೆ ಹೋದಳು.

ಮಾರ್ಚ್ 8, ಶನಿವಾರ, ಸಂಜೆ

ಸಭೆಯ ಹೊತ್ತಿಗೂ ದೊಡ್ಡ ಪುಸ್ತಕ ಸೊಸೆಯ ಚೀಲದಲ್ಲೇ. ಇರಲಿ, ನೆನಪಿದೆಯಲ್ಲ — ಎದ್ದು ನಿಂತೆ. ಸಂಜೆ ನೀರಿಳಿಯುತ್ತದೆ, ಮರಳಿನ ದಾರಿ ತೆರೆದುಕೊಳ್ಳುತ್ತದೆ, ಕೈದಿ ದಾಟುತ್ತಾನೆ ಎಂದೆ. ಅಷ್ಟರಲ್ಲಿ ಸೊಸೆ ಬಂದಳು, ಯೂನಿಫಾರ್ಮಿನಲ್ಲೇ. ಅಧ್ಯಕ್ಷರು — ಔಷಧಿ ಅಂಗಡಿಯವರು — ಪುಸ್ತಕ ಇಸಿದುಕೊಂಡು ಆ ಪುಟ ತೆರೆದರು. ಬೆಳಗಿನ ಜಾವ ಎಂದಿತ್ತು. ಸಭೆ ನಕ್ಕಿತು. ಇಷ್ಟು ವರ್ಷ ನಂಬಿದ ನೆನಪು... ಕೂತುಬಿಟ್ಟೆ.

ಅವಳು ಕೂರಲಿಲ್ಲ. ಟ್ರಿಪ್ ಶೀಟಿನ ಹಿಂದೆ ದ್ವೀಪದ ನಕ್ಷೆ ಬರೆದಿದ್ದಳು — ಬಂಡೆ, ಕೆಸರು, ಮರಳಿನ ದಾರಿ, ಎಲ್ಲ ಪೆನ್ಸಿಲಿನಲ್ಲಿ. ಸಂಕ್ಷಿಪ್ತದಲ್ಲಿಲ್ಲದ ದಾರಿಯನ್ನು ರಬ್ಬರಿನಿಂದ ಅಳಿಸಿ, ಈಗ ಕೈದಿ ಹೋದದ್ದು ಹೇಗೆ ತೋರಿಸಿ ಎಂದು ಅಧ್ಯಕ್ಷರ ಮುಂದಿಟ್ಟಳು. ಅವರ ಬೆರಳು ನೀರಿನ ಮೇಲೆ ನಿಂತಿತು.

"ಮಾವ ಹೊತ್ತು ತಪ್ಪು ಹೇಳಿದ್ರು ಸಾರ್, ನೀರು ಇಳಿದಿದ್ದು ಸುಳ್ಳಲ್ಲ. ಸೇತುವೆ ಕಿತ್ತುಹಾಕಿ ಬಸ್ ಓಡ್ಸು ಅಂದ್ರೆ ನಾನಂತೂ ಓಡಿಸಲ್ಲ."

ಮತ್ತೆ ನಗು. ಈ ಸಲ ನನ್ನ ಮೇಲಲ್ಲ. ಪುಸ್ತಕ ಕಪಾಟಿಗೆ ವಾಪಸು. ದಾರಿ ಮತ್ತೆ ಬರೆಸಿ ನಕ್ಷೆಯನ್ನೂ ಒಳಗೆ ಅಂಟಿಸುತ್ತಾರಂತೆ. ನಿಮ್ಮ ಮಗಳಾ ಎಂದು ಗ್ರಂಥಪಾಲಕಿ ಕೇಳಿದರು. ಸೊಸೆ ಎಂದೆ — ಎರಡು ಸಲ, ಹಿಂದಿನ ಸಾಲಿಗೂ ಕೇಳುವಂತೆ.

ಮಾರ್ಚ್ 9, ಮಧ್ಯಾಹ್ನ

ಕಾದಂಬರಿ ಮತ್ತೆ ಅವಳ ಕೈಯಲ್ಲಿ, ಈಗ ಅವಳದೇ ಕಾರ್ಡಿನ ಮೇಲೆ. ನಿನ್ನೆ ವಾದ ಗೆದ್ದಾಗ ಅರ್ಧವಷ್ಟೇ ಓದಿದ್ದಳಂತೆ. ಕೊನೆ ಹೇಳಕೂಡದೆಂದು ನನಗೆ ಕಟ್ಟಪ್ಪಣೆ. ಬಾಯಿ ಬಿಡುವುದಿಲ್ಲ. ಇಲ್ಲಿ ಬರೆದುಕೊಂಡರೆ ಏನು... ಕೈದಿ ಕೊನೆಗೆ ಒಂದು ಮಂಜಿನ ಕಣಿವೆಯಲ್ಲಿ, ಸಂಜೆ — ಸಂಜೆಯೋ, ಬೆಳಗೋ? ಅವಳನ್ನೇ ಕೇಳಬೇಕು. ಆದರೆ ಅವಳಿನ್ನೂ ಆ ಪುಟಕ್ಕೆ ಬಂದಿಲ್ಲವಲ್ಲ.