ಎರಡೂ ಕಡೆ ಬಾಜಿ ಕಟ್ಟಿದ ಅತ್ತೆಗೆ

ಅತ್ತೆ,

ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ, ಮೊದಲೇ ಹೇಳಿಬಿಡ್ತೀನಿ. ಮಗಳು ಶೋಭಾಳ ಮನೆಗೆ ಅಂತ ಆಸ್ಟಿನ್‌ಗೆ ಹೊರಟ ದಿನ ಕಾರಿನ ಗಾಜು ಇಳಿಸಿ, "ವಾಣಿ, ಹಾಲಿಗೆ ಹೆಪ್ಪು ಹಾಕೋದು ಮರೀಬ್ಯಾಡ" ಅಂದಿರಿ. ಅಷ್ಟೇ. ಒಂದು ಜಗಳ ಆಡಿ ಹೋಗೋಕೆ ಏನಾಗಿತ್ತು? ನೀವು ಬೈದಿದ್ದರೆ ನಾನೂ ಏನಾದರೂ...

ಹುಬ್ಬಳ್ಳಿಯ ವಿಮಾ ಕಚೇರಿಯಿಂದ ರಿಟೈರ್ ಆಗಿ ಡಲ್ಲಾಸ್ ಪಕ್ಕದ ನಮ್ಮ ಫ್ಲವರ್ ಮೌಂಡ್ ಮನೆಗೆ ಬಂದ ಮೊದಲ ಬೇಸಿಗೆ ನೆನಪಿದೆಯಾ? ಲಾಸ್ ಕೊಲಿನಾಸ್‌ನ ಆಫೀಸಿನಿಂದ ನಾನು ಬರುವ ಹೊತ್ತಿಗೆ ನೀವು ಧಾರಾವಾಹಿ ನೋಡ್ತಿರ್ತೀರಿ ಅಂದುಕೊಂಡರೆ, ಟಿವಿಯಲ್ಲಿ ಬೇಸ್‌ಬಾಲ್! "ನಮ್ಮ ಲಗೋರಿಕಿಂತ ಸರಳ ಅದ. ಹೊಡಿ, ಓಡು, ಮನಿಗೆ ವಾಪಸ್ ಬಾ" ಅಂತ ನನಗೇ ಪಾಠ ಮಾಡಿದಿರಿ. ಈ ಅಮೆರಿಕದಲ್ಲಿ ಹದಿನೆಂಟು ವರ್ಷ ಇದ್ದವಳಿಗೆ!

ಶನಿವಾರ ಮಧ್ಯಾಹ್ನ ಸೇರುತ್ತಿದ್ದ ಹೆಂಗಸರ ಗುಂಪಿನಲ್ಲಿ ಬಾಜಿ ಶುರು ಮಾಡಿದ್ದೂ ನೀವೇ. ದುಡ್ಡಿನ ಮಾತೇ ಇಲ್ಲ. ಸೋತವರು ಗೆದ್ದವರಿಗೆ ಮುಂದಿನ ವಾರ ಅಡುಗೆ ಮಾಡಿ ತರಬೇಕು. ಲಿಟಲ್ ಎಲ್ಮ್‌ನ ಪದ್ಮಾ ಆಂಟಿಗೆ ಡಲ್ಲಾಸ್ ತಂಡ ಅಂದರೆ ಪ್ರಾಣ. ಮಗ ಹ್ಯೂಸ್ಟನ್‌ನಲ್ಲಿದ್ದಾನೆ ಅನ್ನೋ ಒಂದೇ ಕಾರಣಕ್ಕೆ ಸುಲೋಚನಾ ಆಂಟಿ ಹ್ಯೂಸ್ಟನ್ ಕಡೆ. ಆ ಎರಡು ತಂಡ ಎದುರಾದಾಗ, ಎರಡೂ ಕಡೆ ಚೆಂಡು ಎಸೆಯೋ ಒಳ್ಳೆಯ ಪಿಚರ್ ಇದ್ದು ಆಟ ಬಿಗಿಯಾಗುತ್ತೆ ಅನ್ನಿಸಿದರೆ, ನೀವು ಇಬ್ಬರ ಜೊತೆಗೂ ಬಾಜಿ ಕಟ್ಟುತ್ತಿದ್ದಿರಿ. ಪದ್ಮಾ ಆಂಟಿಗೆ, "ಹ್ಯೂಸ್ಟನ್ ಗೆಲ್ತದ." ಸುಲೋಚನಾ ಆಂಟಿಗೆ, "ನಿಮ್ಮ ಹ್ಯೂಸ್ಟನ್‌ನವರು ಎರಡು ಇಲ್ಲಾ ಅದಕ್ಕಿಂತ ಹೆಚ್ಚು ರನ್ನಿನಿಂದ ಗೆಲ್ಲಂಗಿಲ್ಲ." ಡಲ್ಲಾಸ್ ಗೆದ್ದರೆ ಪದ್ಮಾ ಆಂಟಿಗೆ ಸೋತು ಸುಲೋಚನಾ ಆಂಟಿ ಹತ್ತಿರ ಗೆದ್ದಿರಿ. ಹ್ಯೂಸ್ಟನ್ ದೊಡ್ಡದಾಗಿ ಗೆದ್ದರೆ ಅದರ ಉಲ್ಟಾ. ಎರಡೂ ಕಡೆ ಸೋಲುವ ದಾರಿಯೇ ಇಲ್ಲ. ಹ್ಯೂಸ್ಟನ್ ಸರಿಯಾಗಿ ಒಂದೇ ರನ್ನಿನಿಂದ ಗೆದ್ದರೆ ಎರಡೂ ಅಡುಗೆ ನಿಮಗೇ. ಅವರಿಬ್ಬರಿಗೂ ಈ ಲೆಕ್ಕ ಗೊತ್ತಿತ್ತು. ಆದರೆ ತಮ್ಮ ತಂಡವನ್ನು ಬಿಟ್ಟುಕೊಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ?

ನಾವು ನಾಲ್ಕೂ ಜನ ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡಿಕೊಂಡು ಹೋಗಿ ಆಟ ನೋಡಿದ ಆ ಭಾನುವಾರ... ನಿಮ್ಮ ಮೈಮೇಲೆ ಇಳಕಲ್ ಸೀರೆ, ತಲೆಗೆ ಅಲ್ಲೇ ಕೊಂಡ ಟೋಪಿ. ಕೊನೆಯ ಇನ್ನಿಂಗ್ಸ್. ಹ್ಯೂಸ್ಟನ್ ಒಂದು ರನ್ ಮುಂದೆ. ಡಲ್ಲಾಸ್‌ನವನೊಬ್ಬ ಮೂರನೇ ಬೇಸ್‌ನಲ್ಲಿ ಓಡೋಕೆ ಕಾಯುತ್ತಾ ನಿಂತಿದ್ದಾನೆ. ಪದ್ಮಾ ಆಂಟಿ ಕಣ್ಣು ಮುಚ್ಚಿಕೊಂಡಿದ್ದರು. ಕೊನೆಯ ಚೆಂಡು ಡಲ್ಲಾಸ್ ಬ್ಯಾಟಿಗೆ ಸಿಗದೆ ಆಟ ಮುಗಿದಾಗ ನೀವು ಸೀಟಿನ ಮೇಲೇ ಹತ್ತಿಬಿಟ್ಟಿರಿ. "ಎರಡೂ ಬಂದ್ವು! ಎರಡೂ ಬಂದ್ವು ನೋಡ ವಾಣಿ!" ಹಿಂದೆ ಕೂತಿದ್ದ ಅಪರಿಚಿತರೂ ನಿಮಗೆ ಚಪ್ಪಾಳೆ ತಟ್ಟಿದರು. ಸುಲೋಚನಾ ಆಂಟಿ, ತಂಡ ಗೆದ್ದರೂ ಬಾಜಿ ಸೋತ ಸಂಕಟದಲ್ಲೂ ನಗ್ತಾ ಫೋಟೋ ತೆಗೆದರು.

ಆ ಫೋಟೋ "ನಮ್ಮ ಬಾಜಿ ಅಜ್ಜಿ" ಅನ್ನೋ ಹೆಸರಲ್ಲಿ ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ನಿಮ್ಮ ಮಗನ ಫೋನಿಗೆ ಬಂತು. ಗಿರೀಶ್ ಊಟದ ಮೇಜಿನ ಹತ್ತಿರ ನಿಂತು ಕೂಗಾಡಿದ. "ಅವ್ವಾ, ಅಪ್ಪ ಮಾಡಿದ್ದು ಸಾಲಲಿಲ್ಲೇನು? ಇನ್ನ ಈ ಮನ್ಯಾಗ ಬಾಜಿ ಅನ್ನೋ ಶಬ್ದ ಬ್ಯಾಡ." ನೀವು "ಆತಪಾ" ಅಂದಿರಿ. ನಾನು? ತೊಳೆದಿಟ್ಟ ತಟ್ಟೆಗಳನ್ನೇ ತೆಗೆದು ಮತ್ತೆ ತೊಳೆಯುತ್ತಾ ನಿಂತೆ.

ಮಾರನೇ ದಿನ ಬಟಾಣಿ ಬಿಡಿಸುತ್ತಾ ನೀವು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. "ನಿಮ್ಮ ಮಾವ ಮಟಕಾದಾಗ ಒಂದ ನಂಬರಿಗೆ ಎಲ್ಲಾ ಹಚ್ಚಿಬಿಡತಿದ್ರು. ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಹಂಗ ಹೋದ್ವು. ನಾ ಹಂಗ ಎಂದೂ ಆಡಿಲ್ಲ. ಒಂದು ಹೋದ್ರ ಇನ್ನೊಂದು ಉಳೀಬೇಕು, ಅಷ್ಟು ಖಾತ್ರಿ ಮಾಡಿಕೊಂಡೇ ಆಡೀನಿ." ಇದನ್ನು ಗಿರೀಶ್‌ಗೆ ಹೇಳಿ ಅಂದೆ. "ಅವಾ ಕೇಳಲಿ, ಹೇಳತೀನಿ" ಅಂದಿರಿ. ಅವನು ಕೇಳಲಿಲ್ಲ. ನಾನು ಅವನಿಗೆ "ವಯಸ್ಸಾಗಿದೆ, ಬಿಡು" ಅಂದೆ. ನಿಮಗೆ "ಆಫೀಸಿನ ಟೆನ್ಷನ್, ಬಿಡಿ" ಅಂದೆ. ಇಬ್ಬರಿಗೂ ಒಳ್ಳೆಯವಳಾಗಿ ಉಳಿದೆ. ನೀವು ಶೋಭಾಳ ಮನೆಗೆ ಹೊರಟುಬಿಟ್ಟಿರಿ.

ಎರಡು ತಿಂಗಳೂ ತುಂಬಲಿಲ್ಲ. ಬೆಳಗಿನ ಕಾಫಿ ಕುಡಿದು ಕೂತವರು ಕೂತಲ್ಲೇ ಹೋದಿರಿ. ಆಸ್ಟಿನ್‌ನಲ್ಲಿ ನಿಮ್ಮ ಕಾರ್ಯದ ದಿನ ಶೋಭಾ ರೇಷ್ಮೆ ಸೀರೆಯ, ಬಿಗಿದ ಮುಖದ ಫೋಟೋಗೆ ಹಾರ ಹಾಕಿದ್ದಳು. ನಾನು ಅದನ್ನು ಎತ್ತಿಟ್ಟು ಟೋಪಿಯ ಫೋಟೋ ಇಟ್ಟೆ.

"ವೈನಿ, ಮಂದಿ ನೋಡತಾರ್ರಿ!" ಅಂದಳು ನನ್ನ ನಾದಿನಿ.

"ನೋಡ್ಲಿ. ಅತ್ತೆ ಹಲ್ಲು ಬಿಟ್ಟು ನಕ್ಕಿರೋ ಫೋಟೋ ಇದೊಂದೇ."

ಊಟಕ್ಕೆ ಕೂತ ಅಷ್ಟೂ ಜನರ ಮುಂದೆ ಹೇಳಿದೆ, ಅತ್ತೆ. ನಮ್ಮತ್ತೆ ಬಾಜಿ ಕಟ್ಟುತ್ತಿದ್ದರು, ಚೆನ್ನಾಗಿ ಕಟ್ಟುತ್ತಿದ್ದರು, ಅದಕ್ಕೆ ನಾಚಿಕೊಳ್ಳೋದು ಅವರಲ್ಲ, ಅವರನ್ನು ಸುಮ್ಮನಾಗಿಸಿದ ನಾವು ಅಂತ. ನನ್ನನ್ನು ತಡೆಯದ ತಪ್ಪಿಗೆ ಶೋಭಾ ಅಣ್ಣನ ಜೊತೆಗೂ ಮಾತು ಬಿಟ್ಟಳು.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸೋಕೆ ನಿಂತಿದ್ವಿ. "ಆ ಎರಡು ಬಾಜಿ ಅವ್ವ ಹೆಂಗ ಕಟ್ಟತಿದ್ಲು?" ಅಂತ ಗಿರೀಶ್ ಕೇಳಿದ. ರಸೀದಿಯ ಹಿಂದೆ ಬರೆದು ತೋರಿಸಿದೆ. ಪಾಟ್ಲಿಯ ವಿಷಯವನ್ನೂ ಹೇಳಿದೆ. ಬೆರಳಿಟ್ಟು ಒಂದೊಂದೇ ಸಾಲಿನ ಲೆಕ್ಕ ಹಾಕಿ ನೋಡಿದ. "ಅಂದ್ರ ಅವ್ವ ಅಪ್ಪನ ಹಂಗ ಆಡತಿರಲಿಲ್ಲ."

"ಇಲ್ಲ. ನೀನು ಒಂದು ಸಲ ಕೇಳಬಹುದಿತ್ತು. ನಾನೂ ಬಾಯಿ ಬಿಡಬಹುದಿತ್ತು."

ಸ್ಟೀರಿಂಗ್ ಮೇಲೆ ತಲೆ ಇಟ್ಟು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಅಳಬೇಕಾಗಿತ್ತು ಅವನು.

ಈಗ ಶನಿವಾರಗಳು ಮತ್ತೆ ಶುರುವಾಗಿವೆ, ನಮ್ಮ ಮನೆಯಲ್ಲೇ. ಬೇಡ ಅಂದವರಿಗೆ ಬಾಗಿಲು ಎಲ್ಲಿದೆ ಅಂತ ತೋರಿಸಿದ್ದೀನಿ. ಹೋದ ವಾರ ಗಿರೀಶ್ ತಾನೇ ಬಂದು ಸೋಫಾದ ತುದಿಯಲ್ಲಿ ಕೂತು, ಡಲ್ಲಾಸ್ ಗೆಲ್ಲುತ್ತೆ ಅಂತ ನನ್ನ ಜೊತೆ ಬಾಜಿ ಕಟ್ಟಿದ. ಸೋತ. ನಾಳೆ ಅವನು ನನಗೊಬ್ಬಳಿಗೇ ಅಲ್ಲ, ಗುಂಪಿನ ಹನ್ನೆರಡು ಜನಕ್ಕೂ ಶೇಂಗಾ ಹೋಳಿಗೆ ಮಾಡಬೇಕು. ನಿಮ್ಮ ಕೈಯ ಹದ ಬರೋದು ಶೋಭಾಳಿಗೊಬ್ಬಳಿಗೇ. ಬೇರೆ ದಾರಿ ಇಲ್ಲದೆ ನಿನ್ನೆ ಫೋನ್ ಮಾಡಿದ. ಆ ಕಡೆಯಿಂದ ಮೊದಲು ಬೈಗುಳ, ಆಮೇಲೆ ಅಳು, ಕೊನೆಗೆ "ಬೆಲ್ಲ ನಾನ ತರತೀನಿ."

ಬೆಳಗ್ಗೆ ಆಸ್ಟಿನ್‌ನಿಂದ ಹೊರಡ್ತಾಳಂತೆ. ಅಣ್ಣ ತಂಗಿ ಒಂದೇ ಒಲೆಯ ಮುಂದೆ ನಿಂತು ಏನು ಬೇಕಾದರೂ ಆಡಿಕೊಳ್ಳಲಿ, ಹೋಳಿಗೆ ಸೀದು ಹೋಗಲಿ. ಈ ಸಲ ನಾನು ಮಧ್ಯೆ ಹೋಗಿ ಇಬ್ಬರನ್ನೂ ತಣ್ಣಗೆ ಮಾಡೋದಿಲ್ಲ, ಅತ್ತೆ. ಅಡುಗೆಮನೆ ಕಡೆ ತಲೆ ಕೂಡ ಹಾಕೋದಿಲ್ಲ.

ನಿಮ್ಮ ಸೊಸೆ,
ವಾಣಿ