ಬಣ್ಣದ ಕೆಳಗಿನ ಕಬ್ಬಿಣ

ಜಾರೊ, ಇಲೊಯಿಲೊ
ಶನಿವಾರ, ಮಾರ್ಚ್ ೧೫

ಪ್ರೀತಿಯ ತಮ್ಮ ಡಿಯೊನಿ,

ಹೇಗಿದ್ದೀಯ? ಲಾಠಿ ಬಿದ್ದ ಭುಜದ ಬಾವು ಇಳಿಯಿತೇ? ಜೈಲಿನ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲವೆಂದು ವಕೀಲರ ಹತ್ತಿರ ಹೇಳಿದೆಯಂತೆ. ಇಳಿಸು. ಹೊಟ್ಟೆ ಹಸಿದುಕೊಂಡು ಯಾರನ್ನೂ ಎದುರಿಸಲಾಗುವುದಿಲ್ಲ. ಮಂಗಳವಾರದ ಭೇಟಿಗೆ ಒಣಮೀನು ಹುರಿದು ತರುತ್ತೇನೆ. ಕಾವಲಿನವರು ತಿಂದು ಉಳಿದದ್ದಾದರೂ ನಿನಗೆ ಸಿಗಲಿ ಎಂದು ಹೆಚ್ಚಿಗೇ ಹುರಿಯುತ್ತೇನೆ. ಅಮ್ಮ ಗಟ್ಟಿಯಾಗಿದ್ದಾಳೆ. ಬೆಳಿಗ್ಗೆ ಎದ್ದು ಮಾತೆ ಮರಿಯಳ ಮುಂದೆ ಮೇಣದಬತ್ತಿ ಹಚ್ಚುತ್ತಾಳೆ, ಹಚ್ಚಿ ಮುಗಿಸಿ ಸಾರಿಗೆ ಕಚೇರಿಯವರನ್ನು ಬೈಯುತ್ತಾಳೆ. ಎರಡೂ ಪ್ರಾರ್ಥನೆಯೇ ಅಂತೆ.

ಇನ್ನು ಸುದ್ದಿ. ಮುಷ್ಕರದ ದಿನ ನಿನ್ನನ್ನು ಹಿಡಿದುಕೊಂಡು ಹೋದ ಮೇಲೆ ಕಚೇರಿಯಿಂದ ಆಜ್ಞೆ ಬಂತು. ಮುಷ್ಕರಕ್ಕೆ ನಿಂತ ಜೀಪ್ನಿ ಗಾಡಿಗಳೆಲ್ಲ ಶುಕ್ರವಾರ ಮೈದಾನಕ್ಕೆ ಬರಬೇಕು, ಅಧಿಕಾರಿಯ ಕಣ್ಣೆದುರು ಎಂಜಿನ್ ಆರಿಸಿ ಮತ್ತೆ ಕೀ ತಿರುಗಿಸಿ ತೋರಿಸಬೇಕು. ಎಳೆದು ತಂದದ್ದು, ತಳ್ಳಿ ಹೊರಡಿಸಿದ್ದು ನಡೆಯುವುದಿಲ್ಲ. ಹೊರಡದ ಗಾಡಿಗೆ ಮಾರ್ಗವೇ ಇಲ್ಲ. ಅಪ್ಪನ ಕಾಲದಿಂದ ನಾವು ಜನರನ್ನು ಹೊತ್ತ ಮಾರ್ಗ ಹೊಸ ಬಸ್ಸಿನ ಧಣಿಗಳಿಗೆ ಹೋಗುತ್ತದೆ. ಲಾಠಿಯಿಂದ ಆಗದ ಕೆಲಸವನ್ನು ಕಾಗದದಿಂದ ಮಾಡುವ ಜಾಣತನ.

ಬೀದಿಗೆ ರೋಷ ಬಂತು. ನಮ್ಮವರ ಸ್ವಭಾವ ನಿನಗೆ ಗೊತ್ತಲ್ಲ, ಗಾಡಿಗೆ ಸಂಕಟ ಬಂದರೆ ಸ್ಪ್ಯಾನರ್ ಹುಡುಕುವ ಮೊದಲು ಬ್ರಷ್ ಹುಡುಕುತ್ತಾರೆ. ಸುಲ್ಪಿಸಿಯೊ ಮಾವ ಮುಂದಾಳು. ನಮ್ಮ ಗಾಡಿಯ ಹೊರಮೈಗೆ ಬರೆದ ಸಂತರು, ಹುಂಜ, ನಕ್ಷತ್ರ ಎಲ್ಲಕ್ಕೂ ಹೊಸ ಕಳೆ ಕೊಟ್ಟ. ಅಷ್ಟಕ್ಕೆ ಬಿಡಲಿಲ್ಲ, ಬ್ಯಾಸ್ಕೆಟ್‌ಬಾಲ್ ಕಂಬಕ್ಕೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ ತಂದು ಗಾಡಿಯ ಕೆಳಗೆ ಅಂಗಾತ ಮಲಗಿ ಅಡಿಯ ಕಬ್ಬಿಣದ ಚೌಕಟ್ಟು, ಚಾಸಿಗೂ ಬಳಿದ. ತುಕ್ಕು ಅಂತ ಒಬ್ಬ ಬಾಯಿ ಬಿಡಲಿ ನೋಡೋಣ ಎಂಬ ಹಟ.

ಬುಧವಾರ ಸಂಜೆ ಕೂತು ಕೀ ತಿರುಗಿಸಿದೆ. ಟಕ್. ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ ಒಂದೇ ಒಂದು ಟಕ್. ಬಾಗಿಲು ಹಾಕಿಕೊಂಡವನು ಒಳಗಿನಿಂದ ನಾಲಗೆಯಲ್ಲಿ ಲೊಟಕೆ ಹೊಡೆದ ಹಾಗೆ.

ಮೆಕ್ಯಾನಿಕ್ ಬಡೋಂಗ್ ಬಂದ. ಬ್ಯಾಟರಿ ಸತ್ತಿದೆ ಎಂದ. ಅವನದೇ ಗಾಡಿಯ ಬ್ಯಾಟರಿ ಬಿಚ್ಚಿ ಹಾಕಿದರೂ ಟಕ್. ಬ್ಯಾಟರಿಯ ತುದಿಗಳಿಗೆ ಹಿಡಿದ ಬಿಳಿಪುಡಿಯನ್ನು ಬಿಸಿನೀರಲ್ಲಿ ತೊಳೆದೆವು, ಟಕ್. ಸ್ಟಾರ್ಟರ್ ಮೋಟರಿಗೆ ಸುತ್ತಿಗೆಯಲ್ಲಿ ಬಡಿದ, ಟಕ್. ಕೊನೆಗೆ ಮೋಟರು ಬಿಚ್ಚಿ ಹೊಸದಾಗಿ ತಂತಿ ಸುತ್ತಿಸಬೇಕು, ವಾರ ಹಿಡಿಯುತ್ತದೆ ಎಂದು ಕೈ ಒರೆಸಿಕೊಂಡ. "ಗುಜರಿಗೆ ಹಾಕ್ಬಿಡಿ ಅಕ್ಕಾ. ಡಿಯೊನಿ ಹೊರಗೆ ಬರೋ ಹೊತ್ತಿಗೆ ಇದು ಕೋಳಿಗೂಡಾಗಿರುತ್ತೆ."

"ಗುಜರಿ ಅನ್ನೋದು ಕಚೇರಿಯವರ ಮಾತು," ಎಂದೆ. "ಅದು ನಿನ್ನ ಬಾಯಿಗೆ ಹೆಂಗೆ ಬಂತು?"

ಅವನು ತಲೆ ತಗ್ಗಿಸಿ ಹೋದ. ನಾನು ಗಾಡಿಯಲ್ಲೇ ಕೂತೆ. ನೀನು ಇಂಥ ಹೊತ್ತಿಗೆ ಏನು ಮಾಡುತ್ತಿದ್ದೆ ಎಂದು ನೆನೆಸಿಕೊಂಡೆ. ಮುಂದಿನ ದೀಪ ಹಚ್ಚಿ ಕೀ ತಿರುಗಿಸಿದೆ. ದೀಪ ಮಂಕಾಗಲಿಲ್ಲ. ಮೋಟರು ಕರೆಂಟನ್ನು ಎಳೆಯುತ್ತಿದ್ದರೆ ಮಂಕಾಗಬೇಕಿತ್ತು. ಅಂದರೆ ಬ್ಯಾಟರಿಯಲ್ಲಿ ಬಲವಿದೆ, ಮೋಟರಿಗೆ ಅದು ದಕ್ಕುತ್ತಿಲ್ಲ. "ಕರೆಂಟು ಹೋದ್ರೆ ಸಾಲ್ದು ಅಕ್ಕಾ, ವಾಪಸ್ ಬರೋಕೂ ದಾರಿ ಬೇಕು" ಎನ್ನುತ್ತಿದ್ದೆಯಲ್ಲ. ಕೀಯನ್ನು ತಿರುಗಿಸಿ ಸ್ವಲ್ಪ ಹೊತ್ತು ಹಿಡಿದುಕೊಂಡೆ, ಬಿಟ್ಟು ಇಳಿದು ಬಾನೆಟ್ ಎತ್ತಿ ಒಂದೊಂದೇ ತಂತಿ ಮುಟ್ಟಿದೆ. ಆಕ್ಸಿಲರೇಟರ್ ತಂತಿ ಬೆರಳು ಸುಟ್ಟಿತು. ಹೊರಡದ ಗಾಡಿಯಲ್ಲಿ, ಕರೆಂಟಿನ ಕೆಲಸವೇ ಇಲ್ಲದ ಆ ಬಡಕಲು ತಂತಿಗೇಕೆ ಕಾವು? ಹೆದ್ದಾರಿಗೆ ಪೊಲೀಸರು ಅಡ್ಡಗಟ್ಟಿದಾಗ ನಾವೆಲ್ಲ ಸಂದಿಗೆ ನುಗ್ಗಿದೆವಲ್ಲ, ಹಾಗೆ ಕರೆಂಟು ತನ್ನ ದೊಡ್ಡ ದಾರಿ ಮುಚ್ಚಿದ್ದಕ್ಕೆ ಇಲ್ಲಿ ನುಗ್ಗುತ್ತಿತ್ತು.

ಗಾಡಿಯ ಕೆಳಗೆ ತೂರಿದೆ. ಎಂಜಿನ್ನಿನಿಂದ ಚಾಸಿಗೆ ಕರೆಂಟು ವಾಪಸ್ ತರುವ ದಪ್ಪ ಅರ್ತ್ ಪಟ್ಟಿಯ ನಟ್ಟು ಸಡಿಲಿಸಿದೆ. ಪಟ್ಟಿಯ ಬಳೆಗೂ ಚಾಸಿಯ ಕಬ್ಬಿಣಕ್ಕೂ ನಡುವೆ ಹಸಿರು ಬಣ್ಣ, ಕನ್ನಡಿಯ ಹಾಗೆ. ಮಾವ ಅದನ್ನು ಬಿಚ್ಚಿ, ಬಳಿದು, ಬಣ್ಣದ ಮೇಲೇ ಮತ್ತೆ ಬಿಗಿದಿದ್ದ.

ನಾನು ಚಾಕು ತೆಗೆದದ್ದು ಕಂಡು ಓಡಿಬಂದ. "ಕೆರೀಬೇಡ್ವೇ ಲಿಸಾ. ಒಂದು ಗೆರೆ ಕಬ್ಬಿಣ ಕಾಣದಂಗೆ ಬಳಿದಿದೀನಿ."

"ಅದೇ ಆಗಿದ್ದು ಮಾವ. ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕಿತ್ತು."

ಮುಖ ಊದಿಸಿಕೊಂಡು ಹೋದವನು ಉಪ್ಪುಕಾಗದ ಹಿಡಿದುಕೊಂಡೇ ಬಂದ. ಅವನೇ ಉಜ್ಜಿದ, ಕಬ್ಬಿಣ ಬೆಳ್ಳಗಾಗುವ ತನಕ. ಬಿಗಿದು ಕೀ ತಿರುಗಿಸಿದೆ. ಇಡೀ ಬೀದಿಗೆ ಹೊಗೆ ಉಗುಳಿ ಎಂಜಿನ್ ಗುಡುಗಿತು. ಮಾವ ಹೊಗೆಯಲ್ಲೇ ನಿಂತು ಕಣ್ಣೊರೆಸಿಕೊಂಡ, ಹೊಗೆಗೆ ಎಂದ.

ಶುಕ್ರವಾರ ಮೈದಾನದಲ್ಲಿ ಅಧಿಕಾರಿ ನನ್ನ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದ. ದಿನಾ ಓಡಿಸುವವನು ಎಲ್ಲಿ ಎಂದ. "ನಿಮ್ಮ ಹತ್ರಾನೇ ಇದಾನಲ್ಲ ಸ್ವಾಮಿ, ನೀವೇ ಹಿಡ್ಕೊಂಡು ಹೋದ್ರಿ," ಎಂದೆ. ಸಾಲಿನಲ್ಲಿದ್ದ ಚಾಲಕರು ಹಾರ್ನ್ ಬಾರಿಸಿದರು. ಆರಿಸಿ ಹೊರಡಿಸು ಎಂದ. ಹೊರಡಿಸಿದೆ. ಇನ್ನೊಮ್ಮೆ ಎಂದ. ಇನ್ನೊಮ್ಮೆ ಹೊರಡಿಸಿದೆ. ಮೊಹರು ಒತ್ತದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದ್ದಾಳೆ. ಒಳಗಿರುವ ಸಂಗಾತಿಗಳೆಲ್ಲರಿಗೂ ನಮ್ಮ ಬೀದಿಯ ನೆನಪು ತಿಳಿಸು.

ನಿನ್ನ ಅಕ್ಕ,
ಫ್ಲೋರ್ದೆಲಿಸ

ತಾ.ಕ.: ವಕೀಲರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮುಷ್ಕರ ಮಾಡಿದ್ದು ತಪ್ಪಾಯಿತೆಂದು ಸಹಿ ಹಾಕಿದರೆ ಬಿಡುತ್ತೇವೆಂದು ಪೊಲೀಸರು ಕಾಗದವನ್ನು ನಿನ್ನ ಮುಂದಿಟ್ಟಿದ್ದಾರಂತೆ. ಗಾಡಿ ನಿಂತುಹೋಗಿದೆ, ಅಮ್ಮ ಅಕ್ಕ ಉಪವಾಸ ಬೀಳುತ್ತಾರೆ, ಅದಕ್ಕೇ ಸಹಿ ಹಾಕುತ್ತೇನೆ ಎಂದೆಯಂತೆ. ಗಾಡಿ ನಿಂತಿಲ್ಲ ಡಿಯೊನಿ. ಇವತ್ತು ಬೆಳಿಗ್ಗೆ ಮಾರುಕಟ್ಟೆ ತನಕ ನಾನೇ ಓಡಿಸಿದೆ, ಜನ ಹಿಂದೆ ಜೋತುಬಿದ್ದು ಬಂದರು. ಸಹಿ ಹಾಕಲೇಬೇಕೆಂದರೆ ನಿನ್ನ ಕಾರಣಕ್ಕೆ ಹಾಕು. ನಮ್ಮ ಹೆಸರು ಹೇಳಿ ಹಾಕಬೇಡ.