ಗೀತಕ್ಕ ಬಿಡಿಸದ ಹಾಳೆಗಳು

ಹಾಲನ್ ಮಾಮಾ,

ನಮಸ್ಕಾರ ಎಂದು ಬರೆಯಲೂ ಕೈ ಹಿಂಜರಿಯುತ್ತಿದೆ. ಇಪ್ಪತ್ತೊಂದು ವರ್ಷದ ಹಿಂದೆ, ಕುಂದಾ ಪವರ್‌ಹೌಸ್ ಕಾಲೊನಿಯ ವಾಚನಾಲಯದಲ್ಲಿ, ಅಷ್ಟು ಜನರೆದುರು "ನಮ್ಮಕ್ಕನ್ನ ಕೊಂದಿದ್ದು ನಿಮ್ಮ ಪುಸ್ತಕ" ಎಂದು ಕಿರುಚಿದ ಹುಡುಗಿ ನಾನು, ರಮ್ಯಾ.

ಟೀ ತೋಟದ ಕೆಲಸ ಮುಗಿಸಿ ಸಂಜೆ ಬಂದು ಬೀಗ ತೆಗೆಯುತ್ತಿದ್ದಿರಿ. ಸುಲಭದ ಪುಸ್ತಕ ಕೇಳಿದರೆ ಮುಖ ಸಿಂಡರಿಸುತ್ತಿದ್ದಿರಿ. ಓದಿದವರಿಗೆ ಮೂರು ದಿನ ಅನ್ನ ಸೇರದಂಥ ಕಾದಂಬರಿಯನ್ನೇ ಹುಡುಕಿ ಕೊಡುವುದು ನಿಮ್ಮ ಚಾಳಿ. "ಇದು ಅಳ್ತಾ ಬರೆದವನದಲ್ಲ, ಅತ್ತು ಮುಗಿಸಿ ಬರೆದವನದು. ಮೆಲ್ಲ ಓದು ಅಮ್ಮಿ" ಎಂದು ಗೀತಕ್ಕನಿಗೂ ಒಂದು ಕೊಟ್ಟಿರಿ. ತೀರಾ ಹಳೆಯ ಪ್ರತಿ. ಮಡಿಸಿ ಹೊಲಿದ ಹಾಳೆಗಳ ಅಂಚನ್ನು ಯಾರೂ ಬಿಡಿಸಿರಲಿಲ್ಲ. ಕತ್ತರಿಸಿಕೊಂಡು ಓದಲು ನಿಮ್ಮ ಚಾಕುವನ್ನೂ ಕೊಟ್ಟಿರಿ.

ಆ ತಿಂಗಳೇ ಅವಳು ಡ್ಯಾಮಿನ ನೀರಿಗೆ ಇಳಿದಳು. ಕಾದಂಬರಿಯ ಹೆಣ್ಣೂ ಕೊನೆಗೆ ಹೊಳೆ ಸೇರುತ್ತಾಳೆಂದು ಪಕ್ಕದ ಮನೆಯ ಸುಧಾಕರನ್ ಹೇಳಿದರು. ನಮಗೆ ಅಷ್ಟೇ ಸಾಕಾಯಿತು. ನಾನು ಕಿರುಚಿದಾಗ ನೀವು, "ಪುಸ್ತಕ ನಿನ್ನ ಹತ್ರನೇ ಇರಲಿ ಅಮ್ಮಿ, ಒಂದಿನ ಓದು" ಎಂದಿರಿ. ಬೀಗದ ಕೈ ಕೊಟ್ಟು ನಿಮ್ಮ ಹಟ್ಟಿಗೆ ಹೋದಿರಿ. ಮತ್ತೆ ಕಾಲೊನಿಗೆ ಕಾಲಿಡಲಿಲ್ಲ.

ಊಟಿಯಲ್ಲಿ ಈಗ ನಾವು ಆರು ಜನ ತಿಂಗಳಿಗೊಮ್ಮೆ ಸೇರಿ, ಹಿಂದೆಂದೋ ಅರ್ಧಕ್ಕೆ ಬಿಟ್ಟ ಕಷ್ಟದ ಕಾದಂಬರಿಗಳನ್ನು ಮತ್ತೆ ಓದುತ್ತೇವೆ. ಈ ಸಲ ಅದೇ ಬಂತು. ಬೇಡವೆಂದರೆ ಕಾರಣ ಹೇಳಬೇಕಲ್ಲ! ಅಮ್ಮನ ಟ್ರಂಕಿನಿಂದ ತೆಗೆದೆ, ಜೊತೆಗೆ ನಿಮ್ಮ ಚಾಕುವೂ ಇತ್ತು.

ಅಂಚಿನಲ್ಲೆಲ್ಲಾ ಅವಳ ಪೆನ್ಸಿಲ್. "ಇವಳಿಗೆ ಬುದ್ಧಿ ಇಲ್ಲ" ಎಂದು ಒಂದು ಕಡೆ ಬೈದಿದ್ದಾಳೆ. ಪಕ್ಕದಲ್ಲೇ ಕೂತು ಬೈದಂತಾಗಿ ನಾನು ತಿರುಗಿ ನೋಡಿದೆ. ಇನ್ನೂರ ಎಂಟನೇ ಪುಟಕ್ಕೆ ಪೆನ್ಸಿಲ್ ನಿಂತಿದೆ. ಅಲ್ಲಿಂದ ಮುಂದಿನ ಹಾಳೆಗಳನ್ನು ಬಿಡಿಸಿಯೇ ಇಲ್ಲ. ಆ ಪುಟದಲ್ಲಿ ಕಾದಂಬರಿಯ ಹೆಣ್ಣು ಇನ್ನೂ ಮಗುವಿಗೆ ಅಂಗಿ ಹೊಲಿಯುತ್ತಿದ್ದಾಳೆ ಮಾಮಾ. ಹೊಳೆಯ ಸುದ್ದಿಯೇ ಇಲ್ಲ. ಗೀತಕ್ಕ ಅಷ್ಟು ದೂರ ಓದಿರಲೇ ಇಲ್ಲ.

ನಿಮ್ಮ ತಪ್ಪಿರಲಿಲ್ಲ. ಹಾಗಾದರೆ ಯಾರದು ಎಂದು ಆವತ್ತಿನಿಂದ ನಿದ್ದೆಯಿಲ್ಲ. ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಆ ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು, "ಒಬ್ಳೇ ಇರಕ್ಕಾಗ್ತಿಲ್ಲ ಕಣೇ, ಡ್ಯಾಮ್ ತನಕ ಬರ್ತೀಯಾ?" ಎಂದಳು. ನಾನು ತಲೆ ಎತ್ತದೆ, "ನಂಗೆ ರೆಕಾರ್ಡ್ ಬರೆಯೋದಿದೆ, ನೀನು ಹೋಗು" ಎಂದೆ. ಆ ಮಾತನ್ನು ಮುಚ್ಚಿಡಲು ನನಗೊಂದು ಪುಸ್ತಕ ಬೇಕಿತ್ತು, ನೀವು ಬೇಕಿತ್ತು.

ಈ ಪತ್ರ ತಲುಪಿದ ಮೇಲಿನ ಭಾನುವಾರ ನಿಮ್ಮ ಹಟ್ಟಿಗೆ ಬರುತ್ತೇನೆ. ನಿಮ್ಮ ಕಣ್ಣು ಮಂಜಾಗಿದೆಯಂತೆ. ಉಳಿದ ಹಾಳೆಗಳನ್ನು ನಿಮ್ಮದೇ ಚಾಕುವಿನಿಂದ ಬಿಡಿಸಿ, ಜೋರಾಗಿ ನಾನೇ ಓದುತ್ತೇನೆ. ಒಬ್ಬಳೇ ಓದಲು ಧೈರ್ಯವಿಲ್ಲ. ಬಾಗಿಲಲ್ಲಿ ನಿಂತು "ಬರಲಾ ಮಾಮಾ?" ಎಂದು ಕೇಳುತ್ತೇನೆ. ಹೋಗು ಎನ್ನಬೇಡಿ.

ನಿಮ್ಮ ಒಲೆ ಬೆಚ್ಚಗಿರಲಿ, ದೇವರು ನಿಮ್ಮನ್ನು ಭಾನುವಾರದ ತನಕವಾದರೂ ಕಾಯಲಿ.

ಗೀತಕ್ಕನ ತಂಗಿ,
ರಮ್ಯಾ